ಯಾರ ಹತ್ತಿರ ಕಲಿತಿರಿ ಎಂದು ಕೇಳಿದಾಗ

ಸಂಡೂರಿನ ಕಡೆ ಅದಿರು ಲಾರಿಗಳನ್ನು ತೂಗುವ ಕಾಟಾದ ಕೋಣೆಯಲ್ಲಿ ಕೂತು ನನ್ನ ವಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಕಳೆದಿದ್ದೇನೆ. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ, ಕಂಪ್ಯೂಟರಿನಲ್ಲಿ ತೂಕ ಬರುತ್ತದೆ, ನಾನು ಲಾರಿಯ ನಂಬರು ಹೊಡೆದು ಚೀಟಿ ತೆಗೆದು ಕಿಟಕಿಯಿಂದ ಕೊಡುತ್ತೇನೆ. ಸಂಜೆಯ ಹೊತ್ತಿಗೆ ಮೂಗಿನೊಳಗೆ, ಕಿವಿಯ ಹಿಂದೆ, ಊಟದ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಕೆಂಪು ಧೂಳು. ಇದನ್ನು ಯಾರೂ ದೊಡ್ಡ ಕೆಲಸ ಅನ್ನುವುದಿಲ್ಲ. ಆದರೆ ಮದುವೆ ನಿಲ್ಲದೆ ತವರಿಗೆ ವಾಪಸು ಬಂದ ನನ್ನಂಥವಳಿಗೆ ಅದು ಬರೀ ಕೆಲಸವಲ್ಲ. ಹೊಸಪೇಟೆಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿ ಹೊರಟರೆ ಯಾರೂ 'ಮುಂದೇನವ್ವಾ ನಿಂದು' ಎಂದು ಕೇಳುವುದಿಲ್ಲ. ಬ್ಯಾಗು ಇಲ್ಲದೆ ಕಟ್ಟೆಯ ಮೇಲೆ ಕೂತರೆ ಕೇಳುತ್ತಾರೆ. ವಾಪಸು ಬಂದ ಹೊಸದರಲ್ಲಿ ಹಾಗೆ ಕೂತು ಕೇಳಿಸಿಕೊಂಡಿದ್ದೇನೆ. ಇನ್ನೊಮ್ಮೆ ಕೇಳಿಸಿಕೊಳ್ಳುವ ತಾಕತ್ತು ನನಗಿಲ್ಲ.

ಹೀಗಿರುವಾಗ ಒಂದು ದಿನ ಮ್ಯಾನೇಜರ್ ಕಾಟಾದ ಕೋಣೆಗೆ ಬಂದರು. ಕೂರಲೂ ಇಲ್ಲ, ನಿಂತುಕೊಂಡೇ ಹೇಳಿದರು.

"ಮಳಿಗಾಲ ಮುಗಿಯೋದ್ರಾಗ ಕಾಟಾ ಎಲ್ಲಾ ಆಟೋಮ್ಯಾಟಿಕ್ ಆಗ್ತಾವ್ರಿ. ಕ್ಯಾಮೆರಾ ಲಾರಿ ನಂಬರ್ ಓದ್ತೈತಿ, ಚೀಟಿ ತಾನ ಬರ್ತೈತಿ. ಆಪರೇಟರ್ ಬೇಕಾಗಂಗಿಲ್ಲ. ಆದ್ರ ದಿನದ ರಿಪೋರ್ಟ್ ಮಾಡಾಕ ಒಬ್ಬರು ಬೇಕು. ಅದಕ್ಕ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾ ಬರಬೇಕು. ಒಂದು ಟೆಸ್ಟ್ ಇಡ್ತೀವಿ. ನಿಮ್ಮಿಬ್ಬರಾಗ ಯಾರು ಉಳಿದ್ರೂ ನಮಗ ಸಂತೋಷನ."

ಅವರಿಗೆ ಸಂತೋಷ. ನಾನು ಅವರು ಹೋದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆಗಾಲ ಮುಗಿಯುವ ತನಕದ ದಿನಗಳನ್ನು ಎಣಿಸಿದೆ.

ನಮ್ಮಿಬ್ಬರಲ್ಲಿ ಎಂದರೆ ನಾನು ಮತ್ತು ಪಕ್ಕದ ಕುರ್ಚಿಯ ಹುಡುಗಿ. ಕಂಪ್ಲಿಯವಳು, ನನಗಿಂತ ಬಹಳ ಚಿಕ್ಕವಳು. ಅವಳ ಅಪ್ಪ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದರು, ತಾಯಿ ಕಬ್ಬಿನ ಗದ್ದೆಯ ಕೂಲಿಗೆ ಹೋಗುತ್ತಿದ್ದರು. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ಇವಳು. ಬೆಳಿಗ್ಗೆ ಕಂಪ್ಲಿಯ ಬಸ್ಸಿನಲ್ಲಿ ಹೊಸಪೇಟೆಗೆ ಬರುತ್ತಾಳೆ, ಅಲ್ಲಿಂದ ಸಂಡೂರಿನ ಬಸ್ಸಿಗೆ ನಾವಿಬ್ಬರೂ ಜೊತೆ. ಕಿಟಕಿಯ ಸೀಟು ನನಗೆ ಹಿಡಿದಿಟ್ಟು, ಘಾಟಿ ಏರುವಷ್ಟರಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಮ್ಯಾನೇಜರ್ ಹೇಳಿ ಹೋದ ಮರುದಿನವೂ ಹಾಗೆಯೇ ಮಲಗಿದಳು. ನನಗೆ ಮಾತ್ರ ಭುಜ ಭಾರವೆನಿಸಿತು. ಈ ತಲೆ ಉಳಿದರೆ ನನ್ನ ತಲೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ.

ಎದ್ದವಳು ಏನೂ ಆಗದವಳಂತೆ ಕೇಳಿದಳು. "ಅಕ್ಕಾ, ಹೆಂಗ ಕಲಿತೀರಿ? ಕ್ಲಾಸಿಗೆ ಹೋಗ್ತೀರೇನು?"

"ನೋಡಬೇಕು. ನೀನು?"

"ನಾನೇನು, ಫೋನ್ ಐತಲ್ಲ. ಅದರಾಗ ಎಲ್ಲಾ ಫ್ರೀ ಸಿಗ್ತೈತಿ. ನೋಡ್ಕಂತ ಕಲಿತೀನಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು ಎಂದು ನನಗೆ ಸಿಟ್ಟೇ ಬಂತು. ನನ್ನ ಕೈಯಲ್ಲೂ ಫೋನಿತ್ತು. ಅದೇ ರಾತ್ರಿ ಊಟವಾದ ಮೇಲೆ ಹುಡುಕಿ ನೋಡಿದೆ. ಒಬ್ಬ ಇಷ್ಟೇ ದಿನದಲ್ಲಿ ಕಲಿಸುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಅವನ ಮಾತು ಕೇಳಬೇಡಿ ಅನ್ನುತ್ತಾನೆ, ಮೂರನೆಯವನು ಈ ಭಾಷೆಯನ್ನೇ ಬಿಡಿ, ಬೇರೆ ಕಲಿಯಿರಿ ಅನ್ನುತ್ತಾನೆ. ಒಂದು ವಿಡಿಯೊ ಅರ್ಧ ನೋಡುವಷ್ಟರಲ್ಲಿ ಪಕ್ಕದ್ದು ಇದಕ್ಕಿಂತ ಚೆನ್ನಾಗಿರಬಹುದೇ ಎಂಬ ಗುಮಾನಿ. ಬದಲಾಯಿಸುತ್ತಾ ಬದಲಾಯಿಸುತ್ತಾ ಯಾವುದರದೂ ಮೊದಲನೆಯ ಪಾಠ ದಾಟಲಿಲ್ಲ.

ಕ್ಲಾಸಿಗೆ ಸೇರೋಣವೆಂದರೆ ಅದರ ಭಯವೇ ಬೇರೆ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಇತ್ತು. ಮೆಟ್ಟಿಲ ಬಳಿಯವರೆಗೆ ಹೋಗಿ ವಾಪಸು ಬಂದ ದಿನಗಳೂ ಉಂಟು. ಫೀಸು ಕೇಳಿದೆ, ಸಣ್ಣದಲ್ಲ. ಅಷ್ಟು ಕೊಟ್ಟೂ ತಲೆಗೆ ಹತ್ತದಿದ್ದರೆ? ಕೊಡದೆ ಫೋನು ನೋಡಿಕೊಂಡು ಕೂತು, ಕ್ಲಾಸಿಗೆ ಹೋಗಿದ್ದರೆ ಬರುತ್ತಿತ್ತು ಅಂತ ಆಮೇಲೆ ಅನ್ನಿಸಿದರೆ? ಅತ್ತ ದರಿ ಇತ್ತ ಪುಲಿ. ಹಲ್ಲುಜ್ಜುವಾಗ ಕ್ಲಾಸಿಗೆ ಸೇರುವುದೇ ಸರಿ ಅನ್ನಿಸುವುದು, ಬಸ್ಸು ಹತ್ತುವಷ್ಟರಲ್ಲಿ ಬೇಡವೆನಿಸುವುದು.

ಕೊನೆಗೆ ನಿರ್ಧಾರ ಮಾಡಿದ್ದು ನಾನಲ್ಲ, ನಮ್ಮ ಮನೆಯ ಅಭ್ಯಾಸ.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಹಂಪಿಯ ಕಡೆಯ ಒಂದು ಸಣ್ಣ ಗುಡಿಯಲ್ಲಿ ಪೂಜೆ ಮಾಡಿಕೊಂಡಿದ್ದವರು, ಮೊಣಕಾಲು ಹಿಡಿದುಕೊಂಡ ಮೇಲೆ ಬಿಟ್ಟರು. ಬೇಸಿಗೆ ರಜೆ ಬಂತೆಂದರೆ ನೆಂಟರ, ಪರಿಚಯದವರ ಹುಡುಗರನ್ನು ಪಡಸಾಲೆಯಲ್ಲಿ ಕೂರಿಸಿ ಮಂತ್ರ ಹೇಳಿಕೊಡುತ್ತಿದ್ದರು. ಅದಕ್ಕೆ ಸಂಥೆ ಅನ್ನುತ್ತಾರೆ. ಗುರು ಒಂದು ತುಂಡನ್ನು ಒಮ್ಮೆ ಹೇಳಬೇಕು, ಶಿಷ್ಯರು ಎರಡು ಸಲ ಹೇಳಬೇಕು. ಪುಸ್ತಕ ನೋಡುವಂತಿಲ್ಲ, ಅರ್ಥ ಕೇಳುವಂತಿಲ್ಲ. ನಾನು ಹುಡುಗಿಯಾದ್ದರಿಂದ ನನಗೆ ಮಂತ್ರ ಇರಲಿಲ್ಲ, ಸ್ತೋತ್ರಗಳಷ್ಟೇ. ಕ್ರಮ ಮಾತ್ರ ಅದೇ. ಹ್ರಸ್ವ ದೀರ್ಘವಾದರೆ ಅಪ್ಪ ಕಿವಿ ಹಿಂಡುತ್ತಿದ್ದರು. ತಪ್ಪು ಹೇಳುವುದಕ್ಕಿಂತ ಹೇಳದೇ ಇರುವುದು ವಾಸಿ ಎಂಬುದನ್ನು ನನ್ನ ಕಿವಿಗಳು ಚಿಕ್ಕಂದಿನಲ್ಲೇ ಕಲಿತವು.

ಅಪ್ಪನ ಇನ್ನೊಂದು ಕಟ್ಟಳೆಯೂ ಇತ್ತು. ಹತ್ತು ಜನರ ಮುಂದೆ ಹೇಳಿದಾಗ ಯಾರಾದರೂ "ಯಾರ ಹತ್ತಿರ ಪಾಠ ಆಯಿತು?" ಎಂದು ಕೇಳಿದರೆ ತಡವರಿಸದೆ ಗುರುವಿನ ಹೆಸರು ಹೇಳಬೇಕು. ಗುರುವನ್ನು ಮುಚ್ಚಿಟ್ಟವನಿಗೆ ವಿದ್ಯೆ ಬೇಕಾದ ಹೊತ್ತಿಗೆ ಕೈಕೊಡುತ್ತದೆ, ಅನ್ನುತ್ತಿದ್ದರು. ನಾನು ಆಫೀಸಿನ ವಿಷಯ ಹೇಳಿದಾಗ ಅವರು ಒಂದೇ ಮಾತು ಹೇಳಿದರು.

"ಗುರು ಇಲ್ಲದ ವಿದ್ಯಾ ನಿಲ್ಲಂಗಿಲ್ಲ. ಹಾವಿನ ಹೆಸರಿನ ಭಾಷಾ ಅಂತೀ, ಅದನ್ನ ಫೋನ್ ನೋಡಿ ಹಿಡೀಲಿಕ್ಕೆ ಹೋಗ್ತೀಯೇನು? ಯಾರರ ಮುಂದ ಕೂತು ಕಲಿ."

ಕ್ಲಾಸಿಗೆ ಸೇರಿದೆ, ಅದಕ್ಕೆಂದೇ ಹಳೆಯ ಲ್ಯಾಪ್‌ಟಾಪ್ ಒಂದನ್ನೂ ಕೊಂಡೆ. ಭಾನುವಾರ, ಮತ್ತೆ ವಾರದಲ್ಲಿ ಎರಡು ಸಂಜೆ. ಹೇಳಿಕೊಡುವವನು ಈಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದ ಹುಡುಗ, ಒಳ್ಳೆಯವನೇ. ಗೋಡೆಯ ಮೇಲೆ ಪ್ರೋಗ್ರಾಮು ಬರುತ್ತಿತ್ತು, ಅವನು ಒಂದೊಂದೇ ಸಾಲು ಓದಿ ಹೇಳುತ್ತಿದ್ದ, ನಾವು ಹೊಡೆಯುತ್ತಿದ್ದೆವು. ಅವನು ಒಮ್ಮೆ ಹೇಳಿದ್ದನ್ನು ನನ್ನ ತುಟಿ ತಾನಾಗಿಯೇ ಎರಡು ಸಲ ಹೇಳಿಕೊಳ್ಳುವುದು ನನಗೆ ಮೊದಲು ಗೊತ್ತೇ ಆಗಲಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ನಕ್ಕಾಗ ಗೊತ್ತಾಯಿತು. ನಗಲಿ ಎಂದುಕೊಂಡೆ. ಅವರೆಲ್ಲ ನೋಡಿ ಬರೆಯುತ್ತಿದ್ದರು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಇಡೀ ಪ್ರೋಗ್ರಾಮು ನನ್ನ ಬಾಯಲ್ಲಿತ್ತು.

ಮನೆಗೆ ಬಂದು ಅಪ್ಪನಿಗೆ ಒಪ್ಪಿಸುತ್ತಿದ್ದೆ. ಹೀಗಂದರೆ ಯಾರೂ ನಂಬುವುದಿಲ್ಲ, ಆದರೆ ನಡೆದದ್ದು ಹಾಗೆಯೇ. ಮೊದಲ ಸಲ ಲ್ಯಾಪ್‌ಟಾಪ್ ನೋಡಿ ಓದಿ ಹೇಳುತ್ತಿದ್ದೆ, ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೆಯ ಸಲ ನೋಡದೆ ಹೇಳುತ್ತಿದ್ದೆ, ತಪ್ಪಿದಲ್ಲಿ ಅವರು ಹಿಡಿಯುತ್ತಿದ್ದರು. "ಫಾರ್, ಮಾರ್ಕ್, ಇನ್, ಮಾರ್ಕ್ಸ್, ಕೋಲನ್" ಎನ್ನುವಲ್ಲಿ ಕೊನೆಯ ಆ ಎರಡು ಚುಕ್ಕೆಯ ಕೋಲನ್ ಬಿಟ್ಟರೆ ಅವರ ತೋರುಬೆರಳು ಮೇಲೇಳುವುದು. ಪೈಥಾನಿನಲ್ಲಿ ಕೆಲವು ಸಾಲುಗಳನ್ನು ಒಳಗೆ ಸರಿಸಿ ಬರೆಯಬೇಕು, ಸರಿಸದಿದ್ದರೆ ಪ್ರೋಗ್ರಾಮು ಓಡುವುದಿಲ್ಲ. ಅದನ್ನು ಬಾಯಲ್ಲಿ ಹೇಳುವುದು ಹೇಗೆ? ಅಪ್ಪನೇ ದಾರಿ ಹುಡುಕಿದರು. ಒಳಗಿನ ಸಾಲಿಗೆ ಮುಂಚೆ ಒಂದು ಮಾತ್ರೆ ನಿಲ್ಲು, ಇನ್ನೂ ಒಳಗಿನದಕ್ಕೆ ಎರಡು ಮಾತ್ರೆ ನಿಲ್ಲು ಎಂದರು. ಹಾಗೆ ನಿಂತು ನಿಂತು ಹೇಳುವಾಗ ನನಗೆ ಎಷ್ಟೋ ದಿನಗಳಲ್ಲಿ ಮೊದಲ ಬಾರಿಗೆ ಉಸಿರು ಹಗುರಾಯಿತು. ಇದು ನನಗೆ ಗೊತ್ತಿರುವ ದಾರಿ, ಇದರಲ್ಲಿ ನಾನು ಬೀಳುವುದಿಲ್ಲ ಅನ್ನಿಸಿತು.

ಆ ನೆಮ್ಮದಿ ಕಾಟಾದ ಕೋಣೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಕರಗಿತು. ಲಾರಿಗಳ ಸಾಲು ಕಮ್ಮಿಯಿದ್ದ ಹೊತ್ತು. ಹುಡುಗಿ ಕೇಳಿದಳು, "ಅಕ್ಕಾ, ಮಾರ್ಕ್ಸ್ ಟೋಟಲ್ ಮಾಡೋದು ಬರ್ತೈತಲ್ಲ, ಹಂಗ ನಮ್ಮ ಲಾರಿ ತೂಕದ್ದು ಮಾಡ್ರಿ ನೋಡೋಣ. ಒಂದ ಲಾರಿ ನಾಕ ಸರ್ತಿ ಬಂದಿರ್ತೈತಿ, ಅದರದ್ದು ಬ್ಯಾರೆ ಟೋಟಲ್ ಬರಬೇಕು."

ನಾನು ಕ್ಲಾಸಿನಲ್ಲಿ ಕಲಿತ, ಹುಡುಗರ ಮಾರ್ಕ್ಸ್ ಕೂಡಿಸುವ ಪ್ರೋಗ್ರಾಮನ್ನು ಒಂದೂ ತಪ್ಪಿಲ್ಲದೆ ಹೊಡೆದೆ. ಆಮೇಲೆ ಕೈ ನಿಂತಿತು. ಇದರಲ್ಲಿ ಯಾವ ತುಂಡು ತೆಗೆಯಬೇಕು, ಯಾವುದನ್ನು ಎಲ್ಲಿಗೆ ಜೋಡಿಸಬೇಕು? ಸ್ತೋತ್ರದ ನಡುವಿನಿಂದ ಒಂದು ಸಾಲು ಕಿತ್ತು ಅಲ್ಲಿ ಲಾರಿಯ ಹೆಸರು ಹಾಕು ಅಂದ ಹಾಗಾಯಿತು. ಏನೋ ಒಂದು ಬದಲಿಸಿ ಓಡಿಸಿದೆ. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ ಸುರಿಯಿತು. ನನ್ನ ಎರಡೂ ಕಿವಿ ಬಿಸಿಯಾದವು. ಈ ವಯಸ್ಸಿನಲ್ಲೂ ಕಿವಿ. ಕಂಪ್ಯೂಟರನ್ನೇ ಆರಿಸಿಬಿಟ್ಟೆ.

ಆ ಸಂಜೆ ಕ್ಲಾಸಿನ ಹುಡುಗನನ್ನು ಕೇಳಿದೆ. "ಅದು ಮುಂದಿನ ಲೆವೆಲ್ ಕೋರ್ಸಿನಾಗ ಬರ್ತೈತ್ರಿ ಮೇಡಂ" ಎಂದು ನಗುತ್ತಾ ಹೇಳಿದ. ಮುಂದಿನ ಲೆವೆಲ್ ಮುಗಿಯುವ ಹೊತ್ತಿಗೆ ನಮ್ಮ ಟೆಸ್ಟು ಮುಗಿದು, ಕ್ಯಾಮೆರಾ ಬಂದು, ನಾನು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ದುಡ್ಡೂ ಹೋಯಿತು, ದಿನವೂ ಹೋಯಿತು ಎಂಬ ಯೋಚನೆಯಲ್ಲಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಅಪ್ಪ ಸುಮ್ಮನೆ ಉಂಡರು.

ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಆ ಒಕ್ಕಾಲಿಗೇ ಇದ್ದದ್ದೆಲ್ಲ ಸುರಿದು, ಮುಕ್ಕಾಲನ್ನು ಎಲ್ಲಿ ಕೊಳ್ಳುವುದೆಂದು ತಿಳಿಯದೆ ಕೂತಿದ್ದೆ.

ಮರುದಿನ ಬಸ್ಸಿನಲ್ಲಿ ಅವಳು ನಿದ್ದೆ ಮಾಡಲಿಲ್ಲ. ತನ್ನ ಫೋನು ತೋರಿಸಿದಳು. ಫೋನಿನಲ್ಲೇ ಪೈಥಾನ್ ಹಾಕಿಕೊಂಡು ಏನೇನೋ ಬರೆದಿದ್ದಳು, ಎಲ್ಲ ಹರಕು ಮುರುಕು, ಅರ್ಧಂಬರ್ಧ. ಆದರೆ ಲಾರಿಯ ಟೋಟಲ್ ಬರುತ್ತಿತ್ತು.

"ನನಗ ಒಂದ ತೊಂದರೆ ಐತ್ರಿ ಅಕ್ಕಾ. ನನಗ ಏನೂ ನೆನಪ ಉಳಿಯಂಗಿಲ್ಲ. ಪ್ರತಿ ಸಾಲಿಗೂ ಹುಡುಕಿ ನೋಡಬೇಕು. ಟೆಸ್ಟಿನಾಗ ಫೋನ್ ಬಿಡಂಗಿಲ್ಲಂತ, ಇಂಟರ್‌ನೆಟ್ಟೂ ಇರಂಗಿಲ್ಲಂತ. ನಿಮಗ ಎಲ್ಲಾ ಬಾಯಾಗೈತಿ. ನೀವು ನನಗ ಬಾಯಿಪಾಠ ಮಾಡಸ್ರಿ, ನಾ ನಿಮಗ ಪ್ರೋಗ್ರಾಮ್ ಒಡದು ನೋಡೋದು ಹೇಳಿಕೊಡ್ತೀನಿ."

ಒಂದೇ ಕುರ್ಚಿಗೆ ಇಬ್ಬರು. ಇವಳಿಗೇಕೆ ನನ್ನ ಮೇಲೆ ಇಷ್ಟು ಪ್ರೀತಿ ಎಂದು ನನ್ನ ಮನಸ್ಸು ಹುಳಿಹುಳಿಯಾಯಿತು. ಬೇಕೆಂದೇ ತಪ್ಪು ಹೇಳಿಕೊಡುತ್ತಾಳೇನೋ ಎಂದೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಹೂಂ ಅಂದೆ.

ಕಂಪ್ಲಿಗೂ ಹೊಸಪೇಟೆಗೂ ನಡುವೆ ಹಂಪಿ. ಕ್ಲಾಸಿಗೆ ಹೋಗುವುದನ್ನು ಬಿಟ್ಟು ಭಾನುವಾರ ಅಲ್ಲಿ ಸೇರತೊಡಗಿದೆವು. ನದಿಯ ಕಡೆ ಹೋಗುವ ದಾರಿಯಲ್ಲಿ ಜನ ಹೆಚ್ಚು ಬಾರದ ಒಂದು ಕಲ್ಲು ಮಂಟಪದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆವು. ಕೋತಿಗಳಿಂದ ಬಿಸ್ಕೀಟು ಕಾಯುವುದು ಬೇರೆ ಕೆಲಸ.

ಮೊದಲ ಭಾನುವಾರ ಅವಳು ಹೇಳಿದ ಮಾತು ಕೇಳಿ ನನಗೆ ತಲೆ ಕೆಟ್ಟಿತು. "ಇವತ್ತು ಒಂದ ಸಾಲೂ ಸರಿ ಬರೀಬಾರದು ಅಕ್ಕಾ. ಬೇಕಂತ ತಪ್ಪ ಮಾಡ್ರಿ. ಏನಂತ ಬೈತೈತಿ ನೋಡೋಣ."

"ತಪ್ಪು ಮಾಡ್ಲಿಕ್ಕೆ ಇಲ್ಲೀತನಕ ಬಸ್ಸು ಹತ್ತಿ ಬರಬೇಕಿತ್ತೇನು?"

"ಕೋಲನ್ ತೆಗೀರಿ ಮದಲ."

ನನ್ನ ಬೆರಳು ಆ ಕೋಲನ್ನನ್ನು ಅಳಿಸಲು ಒಪ್ಪಲಿಲ್ಲ. ನಿಜವಾಗಿಯೂ ಒಪ್ಪಲಿಲ್ಲ, ಕೀಲಿಯ ಮೇಲೆ ಹೋಗಿ ನಿಂತಿತ್ತು. ಅವಳೇ ನನ್ನ ಬೆರಳ ಮೇಲೆ ಬೆರಳಿಟ್ಟು ಒತ್ತಿದಳು. ಕೆಂಪು ಅಕ್ಷರ ಬಂತು. ನಾನು ಮುಖ ತಿರುಗಿಸಿದೆ.

"ಬೈತೈತಿ ಅಷ್ಟ, ಹೊಡಿಯಂಗಿಲ್ಲ" ಎಂದಳು. "ಕಡೀ ಸಾಲ ಓದ್ರಿ. ಎಲ್ಲಿ ತಪ್ಪೈತಿ ಅಂತ ಅದ ಹೇಳ್ತೈತಿ."

ಓದಿದೆ. ಇಂಥ ಸಾಲಿನಲ್ಲಿ ಕೋಲನ್ ಇಲ್ಲ ಎಂದು ಬರೆದಿತ್ತು. ಬೈಗುಳವೆಂದು ನಾನು ತಿಳಿದಿದ್ದು ಬರೀ ದಾರಿ ಹೇಳುವ ಮಾತಾಗಿತ್ತು. ಅದಾದ ಮೇಲೆ ಒಂದೊಂದೇ ಸಾಲು ಕಿತ್ತೆವು. ಇದನ್ನು ತೆಗೆದರೆ ಏನು ನಿಲ್ಲುತ್ತದೆ, ಅದನ್ನು ಮೇಲಕ್ಕೆ ಒಯ್ದರೆ ಏನಾಗುತ್ತದೆ. ಟೋಟಲ್ಲಿನ ಸಾಲನ್ನು ಒಳಗಿನಿಂದ ಹೊರಗೆ ತಂದಾಗ ಮೊತ್ತ ತಪ್ಪಿದ್ದನ್ನು ಕಂಡು, ಅಪ್ಪ ಹೇಳಿಕೊಟ್ಟಿದ್ದ ಆ ಒಂದು ಮಾತ್ರೆಯ ನಿಲುಗಡೆಗೆ ಏನು ಅರ್ಥ ಎಂಬುದು ನನಗೆ ಮೊದಲ ಬಾರಿ ತಿಳಿಯಿತು. ಖುಷಿಯಾಯಿತು. ಆ ಖುಷಿಯ ಬೆನ್ನಲ್ಲೇ, ಇಷ್ಟು ತಿಳಿಯಲು ಇಷ್ಟು ದಿನ ಹಿಡಿದರೆ ಉಳಿದದ್ದು ಎಂದಿಗೆ ಎಂಬ ಅಂಜಿಕೆ.

ಅವಳಿಗೆ ನಾನು ಸಂಥೆ ಹೇಳುತ್ತಿದ್ದೆ. ಫೈಲು ತೆರೆಯುವ ಸಾಲು, ಅದನ್ನು ತುಂಡು ಮಾಡುವ ಸಾಲು, ತೂಕವಿಲ್ಲದೆ ಖಾಲಿ ಬಂದ ಸಾಲನ್ನು ಬಿಟ್ಟು ಮುಂದೆ ಹೋಗುವ ಸಾಲು. ನಾನು ಒಮ್ಮೆ, ಅವಳು ಎರಡು ಸಲ. ಸಂಡೂರಿನ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಟೆಸ್ಟು ಹತ್ತಿರ ಬಂದಾಗ ಹಂಪಿಯ ಬಿಸಿಲು ತಡೆಯದೆ ಅವಳೇ ಅಂದಳು, "ನಿಮ್ಮ ಮನಿಗೇ ಬರ್ತೀನಿ ತಗೋರಿ." ಅವಳ ಮನೆಗೆ ನಾನು ಹೋಗಿದ್ದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಇವಳ ಡಿಗ್ರಿಯ ಫೋಟೊ. ಅವಳ ತಾಯಿ ಮಾಡಿಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದು ಬಂದಿದ್ದೆ. ಬರಬೇಡ ಅನ್ನಲು ಯಾವ ಬಾಯಿ? ಬಾ ಅಂದರೆ, ಮಡಿ ಮಡಿ ಎಂದು ಒದ್ದಾಡುವ ಅಪ್ಪ ಏನೆಂದುಬಿಡುತ್ತಾರೋ.

ಬಂದಳು. ಅಪ್ಪ ಯಾವ ಊರು ಎಂದು ಕೇಳಿದರು, ಯಾರ ಪೈಕಿ ಎಂದೂ ಕೇಳಿದರು. ಅವಳು ನೇರವಾಗಿ ಹೇಳಿದಳು. ಅಪ್ಪ ಹೂಂ ಅಂದು, ಎದ್ದು ಒಳಕೋಣೆಗೆ ಹೋದರು. ನನಗೆ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಅವಳು ನನ್ನ ಲ್ಯಾಪ್‌ಟಾಪ್ ಬಿಚ್ಚಿ, ನಾನು ಅಪ್ಪನಿಗೂ ಎಷ್ಟೋ ಸಲ ಒಪ್ಪಿಸಿದ್ದ ಪಾಠವನ್ನೇ ಒಪ್ಪಿಸಲು ಶುರು ಮಾಡಿದಳು. ಮೂರನೆಯ ಸಾಲಿಗೆ ಬಂದಿದ್ದಳೋ ಇಲ್ಲವೋ, ಒಳಗಿನಿಂದ ಅಪ್ಪನ ದನಿ.

"ಕೋಲನ್ ಬಿಟ್ಟೀ!"

ಅವಳು ಬೆಚ್ಚಿ, ಸರಿಪಡಿಸಿ ಮುಂದುವರಿದಳು. ಮತ್ತೆ ಒಳಗಿನಿಂದ, "ಅಲ್ಲಿ ಎರಡು ಮಾತ್ರಾ ನಿಲ್ಲಬೇಕು. ಒಂದ ನಿಂತೀ."

ಅವಳಿಗೆ ನಗು ತಡೆಯಲಿಲ್ಲ. "ಯಾರ್ರಿ ಅಕ್ಕಾ ಒಳಗ? ಕಂಪ್ಯೂಟರಿಗಿಂತ ಜಲ್ದಿ ಎರರ್ ಒಗೀತಾರ." ನಾನೂ ನಕ್ಕೆ. ಆದರೆ ಅಪ್ಪ ಹೊರಗೆ ಬರಲಿಲ್ಲ. ಅವಳು ಹೋಗುವವರೆಗೂ ಗೋಡೆಯ ಆಚೆ ಕೂತೇ ತಿದ್ದಿದರು. ಅದಕ್ಕೆ ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಟೆಸ್ಟಿನ ದಿನ ಬಂತು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಕೊಟ್ಟದ್ದು ಲಾರಿಗಳ ತೂಕದ ಫೈಲು. ಪ್ರತಿ ಲಾರಿಯ ಮೊತ್ತ ತೆಗೆಯಬೇಕು, ಮಿತಿ ಮೀರಿ ತುಂಬಿದವನ್ನು ಬೇರೆ ತೋರಿಸಬೇಕು. ಫೈಲಿನಲ್ಲಿ ಬೇಕೆಂದೇ ಕೆಲವು ಸಾಲು ಕೆಡಿಸಿದ್ದರು. ಮೊದಲ ಸಲ ಓಡಿಸಿದಾಗ ಕೆಂಪು ಬಂತು. ಈ ಸಲ ಮುಖ ತಿರುಗಿಸಲಿಲ್ಲ. ಕಡೆಯ ಸಾಲು ಓದಿದೆ, ಸರಿಪಡಿಸಿದೆ, ಇನ್ನೊಂದು ಕೆಂಪು, ಅದನ್ನೂ ಓದಿದೆ. ಕೊನೆಗೆ ಉತ್ತರ ಬಂತು. ಸರಿಯಾದ ಉತ್ತರ.

ಮ್ಯಾನೇಜರ್ ನೋಡಿ ತಲೆಯಾಡಿಸಿದರು. "ಇಬ್ಬರೂ ಮಾಡೀರಿ. ಈಗ ನಮಗ ಕಷ್ಟಕ್ಕ ಬಂತು ನೋಡ್ರಿ" ಎಂದರು. ಆಮೇಲೆ, ಸುಮ್ಮನೆ ಮಾತಿಗೆ ಎಂಬಂತೆ, "ಭಾಳ ಚಲೋ ಕಲಿತೀರಿ. ಯಾರ ಹತ್ತಿರ ಕಲಿತಿರಿ?" ಎಂದು ಕೇಳಿದರು.

ಬ್ಯಾಗಿನಲ್ಲಿ ಕ್ಲಾಸಿನ ಸರ್ಟಿಫಿಕೇಟು ಇತ್ತು. ಫೀಸು ಪೂರ್ತಿ ಕಟ್ಟಿದ್ದಕ್ಕೆ, ಹೋಗದಿದ್ದರೂ ಕೊಟ್ಟಿದ್ದರು. ಅದನ್ನು ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಪ್ರಶ್ನೆ ನನಗೆ ಪಡಸಾಲೆಯ ಪ್ರಶ್ನೆಯಾಗಿ ಕೇಳಿಸಿತು. ಯೋಚಿಸುವ ಮೊದಲೇ ಬಾಯಿ ತೆರೆದಿತ್ತು. "ಅವಳ ಹತ್ತಿರ ಸರ್. ಪಕ್ಕದ ಕೋಣಿಯೊಳಗ ಅದಾಳಲ್ಲ, ಅವಳ ಕಲಿಸಿದ್ದು."

ಮ್ಯಾನೇಜರ್ ಕುರ್ಚಿಗೆ ಒರಗಿದರು. "ಹೌದ್ರೀ? ಅವರನ್ನ ಕೇಳಿದ್ರ ಯಾರೂ ಇಲ್ಲ, ನಾನ ಕಲ್ತೀನಿ ಅಂದ್ರು. ಅಂದ್ರ ತಾವೂ ಕಲ್ತು ಇನ್ನೊಬ್ಬರಿಗೂ ಕಲಿಸ್ಯಾರ." ಆಗಲೇ ನನಗೆ ಗೊತ್ತಾಯಿತು, ಕುರ್ಚಿ ಹೋಯಿತೆಂದು.

ವಾಪಸು ಬರುವ ಬಸ್ಸಿನಲ್ಲಿ ನಾನು ಅವಳ ಜೊತೆ ಕೂರಲಿಲ್ಲ. ಅವಳೇ ಎದ್ದು ಬಂದು ಪಕ್ಕದಲ್ಲಿ ಕೂತಳು. ಘಾಟಿ ಇಳಿಯುವವರೆಗೆ ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ.

"ಯಾರೂ ಇಲ್ಲ ಅಂದ್ಯಂತ. ಅಷ್ಟು ದಿನ ಬಾಯಿ ನೋಯಿಸಿಕೊಂಡು ಹೇಳಿಕೊಟ್ಟೆನಲ್ಲ, ನಾ ಯಾರೂ ಅಲ್ಲೇನು?"

ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು. "ನಿಮ್ಮ ಹೆಸರ ಹೇಳಬೇಕಾಗಿತ್ತ ಅಕ್ಕಾ, ತಪ್ಪಾತು. ಆದ್ರ ಯಾರ ಕಲಿಸಿದ್ರು ಅಂತ ಕೇಳಿದ ಕೂಡ್ಲೇ ನನಗ ಹಂಗ ಬರ್ತೈತಿ. ನಮ್ಮ ಅಪ್ಪ ಸಾಲಿ ಹೊರಗ ನಿಂತು ಅಕ್ಷರ ಕಲ್ತಾನ. ನಿಮ್ಮನಿಯಾಗ ಗುರುಗಳ ಹೆಸರ ಹೇಳೋದು ದೊಡ್ಡಸ್ತಿಕಿ. ನಮ್ಮನಿಯಾಗ ಯಾರೂ ಕಲಿಸಲಿಲ್ಲ, ನಾವ ಕಲ್ತ್ವಿ ಅನ್ನೋದ ದೊಡ್ಡಸ್ತಿಕಿ."

ಗೋಡೆಯ ಆಚೆಯಿಂದ ತಿದ್ದಿದ ಅಪ್ಪನ ದನಿ ನೆನಪಾಯಿತು. ಸಿಟ್ಟು ಹೋಯಿತೆಂದಲ್ಲ, ಹಾಕಲು ಜಾಗ ಸಿಗದೆ ನನ್ನಲ್ಲೇ ಉಳಿಯಿತು.

ಮಳೆಗಾಲ ಮುಗಿಯಿತು, ಕ್ಯಾಮೆರಾ ಬಂತು. ಅವಳನ್ನು ತೋರಣಗಲ್ಲಿನ ಆಫೀಸಿಗೆ ಹಾಕಿದರು. ನಾನು ಮನೆಯಲ್ಲಿ. ಕಟ್ಟೆಯ ಮೇಲೆ ಮಾತ್ರ ಕೂರುವುದಿಲ್ಲ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ, ಗೊತ್ತಿಲ್ಲದ್ದನ್ನು ಹುಡುಕುತ್ತೇನೆ, ಒಡೆಯುತ್ತೇನೆ, ಕೆಂಪು ಬಂದರೆ ಓದುತ್ತೇನೆ. ವಿಡಿಯೊ ಬದಲಾಯಿಸುವ ಚಟವೂ ಬಿಟ್ಟಿದೆ. ಬಾಗಿಲು ಬಡಿದ ಸದ್ದಾದರೆ ಮಾತ್ರ ಇನ್ನೂ ಕೆಲಸ ಬಿಟ್ಟು ಕಿವಿಗೊಡುತ್ತೇನೆ, ಯಾರೋ ಮುಂದೇನವ್ವಾ ಎಂದು ಕೇಳಲು ಬಂದರೆಂದು.

ಅವಳ ಫೋನು ಬರುತ್ತಲೇ ಇರುತ್ತದೆ. "ಅಕ್ಕಾ, ಆ ಖಾಲಿ ಸಾಲ ಬಿಟ್ಟ ಹೋಗೋದು ಹೆಂಗಿತ್ತು?" ಅನ್ನುತ್ತಾಳೆ. ನಾನು ಹೇಳುತ್ತೇನೆ. ಅವಳು ಎರಡು ಸಲ ಹೇಳಿ ಇಟ್ಟುಬಿಡುತ್ತಾಳೆ.

ಮೊನ್ನೆ ಬೇರೆ ಮಾತಿಗೆ ಮಾಡಿದ್ದಳು. "ಅಕ್ಕಾ, ಇಲ್ಲಿ ಇನ್ನೊಬ್ಬರನ್ನ ತಗೊಂತಾರ. ಟೆಸ್ಟ್ ಇಡ್ತಾರ, ನಿಮ್ಮನ್ನ ಕರೀತಾರ. ಕೇಳೋರು ಅದ ಮ್ಯಾನೇಜರ್ ಸಾಹೇಬ್ರು. ಮತ್ತ ಕೇಳ್ತಾರ, ಯಾರ ಹತ್ತಿರ ಕಲಿತಿರಿ ಅಂತ. ಏನ ಹೇಳ್ತೀರಿ?"

"ಇದ್ದದ್ದ ಹೇಳ್ತೀನಿ. ನಿನ್ನ ಹೆಸರು."

"ಬ್ಯಾಡ್ರಿ ಅಕ್ಕಾ. ನಾ ಇಲ್ಲೇ ಅದೀನಿ, ನನ್ನ ಹೆಸರ ಹೇಳಿದ್ರ ನಾನ ಒಳಗ ಸೇರಿಸಿದೆ ಅಂತಾರ. ಮತ್ತ ಖರೇನೂ ಅಲ್ಲ. ನಾ ಈ ಕಡಿ ಬಂದ ಮ್ಯಾಲ ನಿಮಗ ಯಾರ ಕಲಿಸ್ಯಾರ, ಹೇಳ್ರಿ? ನೀವ ಕುಂತು ಕಲ್ತೀರಿ. ನಾನ ಕಲ್ತೀನಿ ಅನ್ರಿ."

"ನನಗ ಹಂಗ ಅನ್ನಲಿಕ್ಕೆ ಬರಂಗಿಲ್ಲ."

ನಿಜವಾಗಿಯೂ ಬರುವುದಿಲ್ಲ. ಆ ಮಾತು ಗಂಟಲ ತನಕ ಬಂದು, ಕೋಲನ್ನಿನ ಮೇಲೆ ನಿಂತ ಬೆರಳಿನಂತೆ ಅಲ್ಲೇ ನಿಲ್ಲುತ್ತದೆ. ಅಪ್ಪ ಪಡಸಾಲೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಫೋನಿನ ದನಿ ಅವರಿಗೂ ಕೇಳುತ್ತಿತ್ತು.

"ನಾ ಒಮ್ಮೆ ಅಂತೀನಿ, ನೀವು ಎರಡು ಸರ್ತಿ ಅನ್ರಿ" ಎಂದಳು ಅವಳು. ನಗುತ್ತಿರಲಿಲ್ಲ. "ನಾನ ಕಲ್ತೀನಿ."

"ನಾನ ಕಲ್ತೀನಿ" ಎಂದೆ. "ನಾನ ಕಲ್ತೀನಿ."

ಅಪ್ಪ ಕಣ್ಣು ತೆರೆಯಲಿಲ್ಲ. ತೋರುಬೆರಳು ಮಾತ್ರ ಮೇಲೆದ್ದಿತು.

"ಸ್ವರ ನಡುಗ್ತು" ಎಂದರು. "ಇನ್ನೊಮ್ಮೆ ಹೇಳು."